ಕೊಡೆ ಬಟ್ಟೆಯ ನಂಬರು

ಬರ್ಮಾ ದೇಶದ ಹುಡುಗರು ಬಂಗಾರಪೇಟೆಯಲ್ಲಿ ಗಾಡಿ ಇಳಿದಾಗ ಅವರ ಮ್ಯಾನೇಜರು ಹುಡುಗರನ್ನು ಎರಡೆರಡು ಸಲ ಎಣಿಸಿದರು. ಪೆಟ್ಟಿಗೆಗಳನ್ನು ಮಾತ್ರ ಎಣಿಸಲಿಲ್ಲ. ಆಟದ ಅಂಗಿಗಳಿದ್ದ ದೊಡ್ಡ ಟ್ರಂಕು ಸೀಟಿನ ಕೆಳಗೆ ಹಾಯಾಗಿ ಕೂತು ಬೆಂಗಳೂರಿನ ಕಡೆ ಹೊರಟುಹೋಯಿತು.

ಆ ವರ್ಷ ನಾಲ್ಕು ದೇಶಗಳ ಎಳೆಯ ಹುಡುಗರ ಫುಟ್‌ಬಾಲ್ ಪಂದ್ಯಾವಳಿ ನಮ್ಮ ಸೀಮೆಯಲ್ಲಿ ನಡೆಯುತ್ತಿತ್ತು. ಅದರಲ್ಲಿ ಒಂದೇ ಒಂದು ಆಟ, ಬರ್ಮಾಕ್ಕೂ ಮಲಯಾಕ್ಕೂ ನಡೆಯುವುದು, ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್ ಮೈದಾನದ ಪಾಲಿಗೆ ಬಂದಿತ್ತು. ಆಟ ಅದೇ ದಿನ ಸಂಜೆ. ಸ್ವಾಗತ ಸಮಿತಿಯ ಕಾರ್ಯದರ್ಶಿ ಅಶ್ವತ್ಥಪ್ಪನವರು ಜವಳಿ ಅಂಗಡಿಯಿಂದ ಹನ್ನೊಂದು ಬಿಳಿ ಬನಿಯನ್ನು ಗಂಟು ಕಟ್ಟಿಸಿಕೊಂಡು, ಸ್ಟೇಷನ್ ರಸ್ತೆಯ ದರ್ಜಿ ಕೋದಂಡಪ್ಪನ ಜಗಲಿಗೆ ಏದುಸಿರು ಬಿಡುತ್ತಾ ಬಂದರು.

“ಕೋದಂಡಪ್ಪ, ಇವಕ್ಕೆ ಬೆನ್ನ ಮೇಲೆ ನಂಬರು ಹೊಲಿಬೇಕು. ಒಂದರಿಂದ ಹನ್ನೊಂದು. ಗಣಿಗೆ ಹೋಗೋ ಮಧ್ಯಾಹ್ನದ ಮಾರಿಕುಪ್ಪಂ ಗಾಡಿ ಒಳಗೆ ಆಗಬೇಕು ನೋಡು.”

“ಆಯ್ತದೆ ಸ್ವಾಮಿ. ನಂಗೆ ಕಾಸು ಬ್ಯಾಡ. ಒಂದು ಕುರ್ಚಿ ಬೇಕು.”

“ಕುರ್ಚಿಯಾ?”

“ಶಾಮಿಯಾನದಾಗೆ. ಮುಂದಿನ ಸಾಲು.”

ಕೋದಂಡಪ್ಪನಿಗೆ ಫುಟ್‌ಬಾಲ್ ಅಂದರೆ ಪ್ರಾಣ. ಆದರೆ ಇಷ್ಟು ವರ್ಷ ಅವನು ಆಟ ನೋಡಿದ್ದೆಲ್ಲ ಚಾಂಪಿಯನ್ ರೀಫ್ಸಿನ ಸೈನೈಡ್ ಗುಡ್ಡದ ಮೇಲಿನಿಂದ. ಗಣಿಯವರು ಚಿನ್ನ ತೆಗೆದು ಸುರಿದ ಮಣ್ಣಿನ ಆ ದಿಬ್ಬದ ಮೇಲೆ ನಿಂತರೆ ಟಿಕೀಟು ಕೇಳುವವರಿಲ್ಲ, ಆಟ ಕಾಣುವುದೂ ಇಲ್ಲ. ಆಟಗಾರರು ಇರುವೆಗಳ ಹಾಗೆ, ಚೆಂಡು ಅವು ಹೊತ್ತ ಸಕ್ಕರೆಯ ಹಾಗೆ. ಗೋಲಾಗಿದ್ದು ಕೆಳಗಿನವರ ಕೂಗಿನಿಂದ ತಿಳಿಯಬೇಕು. ಒಂದು ಸಲವಾದರೂ ಕುರ್ಚಿಯಲ್ಲಿ ಕೂತು, ಚೆಂಡಿಗೆ ಬೂಟು ತಾಗುವ ಸದ್ದು ಕೇಳಬೇಕೆಂದು ಅವನು ಹಟ ತೊಟ್ಟಿದ್ದ. ಅಶ್ವತ್ಥಪ್ಪನವರು ಕುರ್ಚಿಗೆ ಒಪ್ಪಿ ಹೊರಟರು.

ನಂಬರಿಗೆ ಕಪ್ಪು ಬಟ್ಟೆ ಬೇಕು. ಜಗಲಿಯಲ್ಲಿ ಇದ್ದದ್ದೆಲ್ಲ ರವಿಕೆಯ ಹೂವಿನ ತುಂಡುಗಳು. ಕೋದಂಡಪ್ಪ ಸುತ್ತಲೂ ನೋಡಿದ. ಗೋಡೆಯ ಮೊಳೆಗೆ ಅವನ ಹೊಸ ಕೊಡೆ ನೇತಾಡುತ್ತಿತ್ತು. ಕತ್ತರಿ ಹಾಕಿಯೇಬಿಟ್ಟ.

ಊಟದ ಬುತ್ತಿ ತಂದ ಹೆಂಡತಿ ಕದಿರಮ್ಮ ಬಾಗಿಲಲ್ಲೇ ನಿಂತಳು. “ಅದು ನಮ್ಮಪ್ಪ ಕೊಟ್ಟಿದ್ದು ಕಣಯ್ಯ. ಮಳೆಗೆ ಅಂತ ಕೊಟ್ಟಿದ್ದು.”

“ಈಗೆಲ್ಲೈತೆ ಮಳೆ?”

“ಬಂದಾಗ ನಿಂಗೇ ಗೊತ್ತಾಯ್ತದೆ,” ಎಂದು ಅವಳು ಬುತ್ತಿಯನ್ನು ಕುಕ್ಕಿ ಹೋದಳು.

ಪಕ್ಕದ ಟೀ ಅಂಗಡಿಯ ಮುನಿಸ್ವಾಮಪ್ಪ ಗಿರಾಕಿಗಳನ್ನು ಬಿಟ್ಟು ಬಂದು ಜಗಲಿಯ ಮೇಲೆ ಕೂತ. ಯಾರ ಮನೆಯ ಕೆಲಸವಾದರೂ ಅದರ ಮೇಲ್ವಿಚಾರಣೆ ಅವನದೇ. “ಮೂರನ್ನ ಇನ್ನೊಂಚೂರು ದುಂಡಗೆ ಕತ್ತರಿಸ್ಲಾ. ಒಂಬತ್ತರ ಬಾಲ ಮೋಟಾಗೈತೆ.” ಬಾಲ ಸರಿಮಾಡಿದರೆ ತಲೆ ದೊಡ್ಡದಾಯಿತು ಎಂದ. ಕೋದಂಡಪ್ಪ ತುಟಿ ಕಚ್ಚಿಕೊಂಡು ಕೈಮಿಷನ್ನು ತಿರುಗಿಸುತ್ತಾ ಹನ್ನೊಂದನ್ನೂ ಮುಗಿಸಿದ.

ಗಾಡಿಗೆ ಹೊತ್ತಾದಾಗ ಅಶ್ವತ್ಥಪ್ಪನವರು ಬಂದರು. ಒಂದು ಬನಿಯನ್ನು ಬಿಡಿಸಿ ನೋಡಿದರು, ಇನ್ನೊಂದು ಬಿಡಿಸಿದರು, ಮುಖದ ಬಣ್ಣವೇ ಹೋಯಿತು.

“ಇದೇನಯ್ಯ ಇದು? ಕನ್ನಡದ ಅಂಕಿ ಹೊಲಿದಿದ್ದೀಯ.”

“ನೀವು ನಂಬರು ಅಂದ್ರಿ. ನಂಗೆ ಬರಾದು ಇದೇ ನಂಬರು.”

ಅದೂ ನಿಜ. ಕೋದಂಡಪ್ಪ ಕಲಿತದ್ದು ಮರಳಿನ ಮೇಲೆ ಬೆರಳಾಡಿಸಿದ ಕೂಲಿಮಠದ ಅಂಕಿ. ಅವನ ಅಳತೆ ಟೇಪಿನ ಇಂಗ್ಲಿಷ್ ಅಂಕಿಗಳು ಎಂದೋ ಸವೆದುಹೋಗಿ, ಗೆರೆ ಎಣಿಸಿಯೇ ಊರಿನವರ ಸೊಂಟ ಅಳೆಯುತ್ತಿದ್ದ.

“ಹೊರದೇಶದೋರು ಆಡೋ ಆಟ ಕಣಯ್ಯ. ರೆಫ್ರಿ ಇದನ್ನ ಓದ್ತಾನಾ? ನಮ್ಮ ಸಮಿತಿ ಮಾನ ಮೂರು ಕಾಸಾಗ್ತದೆ. ಎಲ್ಲಾ ಕಿತ್ತು ಇಂಗ್ಲಿಷ್ ನಂಬರು ಹಾಕು. ಇಲ್ಲ ಅಂದ್ರೆ ಕುರ್ಚಿ ಮರ್ತುಬಿಡು.”

ಕೋದಂಡಪ್ಪ ಮಿಷನ್ನನ್ನು ಹೆಗಲಿಗೇರಿಸಿ, ಗಂಟನ್ನೂ ಚೂರುಪಾರು ಬಟ್ಟೆ ಉಳಿದಿದ್ದ ತನ್ನ ಕೊಡೆಯನ್ನೂ ಕಂಕುಳಿಗೆ ಸಿಕ್ಕಿಸಿ ಸ್ಟೇಷನ್ನಿಗೆ ನಡೆದ. ಆಟ ನೋಡಲು ಹೊರಟಿದ್ದ ಮುನಿಸ್ವಾಮಪ್ಪ ಕಪ್ಪು ಕೋಟು ತೊಟ್ಟು, ರುಮಾಲು ಸುತ್ತಿ, ಕೊಡೆ ಹಿಡಿದು ಹಿಂದೆಯೇ ಹತ್ತಿದ. ಆ ಕೋಟು ಅವನ ಮಗಳ ಮದುವೆಗೆ ಕೋದಂಡಪ್ಪನೇ ಹೊಲಿದುಕೊಟ್ಟದ್ದು.

“ಇಂಗ್ಲಿಸು ನಾನು ಏಳ್ಕೊಡ್ತೀನಿ ಬಾ,” ಎಂದ ಮುನಿಸ್ವಾಮಪ್ಪ. ಅವನು ಇಂಗ್ಲಿಷ್ ಅಂಕಿ ಕಲಿತದ್ದು ಟೀ ಅಂಗಡಿಯ ಗಡಿಯಾರದಿಂದ. ಹನ್ನೆರಡಕ್ಕೆ ಅವನ ಇಂಗ್ಲಿಷ್ ಮುಗಿಯುತ್ತಿತ್ತು. ಪುಣ್ಯಕ್ಕೆ ಹನ್ನೊಂದೇ ಬೇಕಾಗಿತ್ತು.

“ದುಂಡು ಅಂಕಿ ಕಿತ್ತು ನೆಟ್ಟಗೆ ಮಾಡಕ್ಕಾಗಲ್ಲ ಅಣ್ಣ. ಬೇರೆ ಬಟ್ಟೆ ಬೇಕು,” ಎಂದು ಕೋದಂಡಪ್ಪ ಅವನ ಕೊಡೆಯನ್ನೇ ನೋಡಿದ.

“ಕಣ್ಣು ಆಕ್ಬ್ಯಾಡ ಕಣ್ಲಾ.”

“ನಾಳೆ ಹೊಸ ಬಟ್ಟೆ ಆಕ್ಕೊಡ್ತೀನಿ. ಕುರ್ಚೀಲಿ ನಿಂಗೂ ಒಂಚೂರು ಜಾಗ ಕೊಡ್ತೀನಿ.”

ಮುನಿಸ್ವಾಮಪ್ಪ ಯೋಚಿಸಿ ಕೊಡೆ ಕೊಟ್ಟ. ಗಾಡಿಯ ಹಲಗೆಯ ಮೇಲೆ ಅವನು ಸೀಮೆಸುಣ್ಣದಲ್ಲಿ ಬರೆದ, ಕೋದಂಡಪ್ಪ ಕತ್ತರಿಸಿದ, ಪ್ರಯಾಣಿಕರು ಹಳೆಯ ಹೊಲಿಗೆ ಬಿಚ್ಚಿದರು. ಸೊಪ್ಪಿನ ಬುಟ್ಟಿಯ ಅಜ್ಜಿಯೊಬ್ಬಳು ತೆಲುಗಿನಲ್ಲಿ ಬೈಯುತ್ತಲೇ ಮಿಷನ್ನಿನ ಹಿಡಿ ತಿರುಗಿಸಿದಳು. ಗಾಡಿ ಕುಲುಕಿದಾಗ ನಾಲ್ಕು ವಾಲಿತು, ಏಳು ಬಗ್ಗಿತು, ಆದರೂ ಚಾಂಪಿಯನ್ ಸ್ಟೇಷನ್ನು ಬರುವ ಹೊತ್ತಿಗೆ ಕೆಲಸ ಮುಗಿದಿತ್ತು. ಕಿತ್ತ ಕನ್ನಡದ ಅಂಕಿಗಳನ್ನು ತೇಪೆಗಾದರೂ ಆದೀತೆಂದು ಕೋದಂಡಪ್ಪ ಚೀಲಕ್ಕೆ ತುಂಬಿಕೊಂಡ. ಬರಿಯ ಕಡ್ಡಿಗಳಾಗಿ ಉಳಿದ ಎರಡು ಕೊಡೆಗಳನ್ನೂ ಕಟ್ಟಿಕೊಂಡ.

ಮೈದಾನದ ಸುತ್ತ ಜನವೋ ಜನ. ಡೇರೆಯಲ್ಲಿ ಬರ್ಮಾದ ಹುಡುಗರು ಬನಿಯನ್ನು ತೊಡಲು ಕೈಯೆತ್ತಿದ್ದರು. ಕೋದಂಡಪ್ಪ ಬೆವರೊರೆಸಿಕೊಳ್ಳಲು ಚೀಲದಿಂದ ವಲ್ಲಿ ಎಳೆದ. ಅದರ ಜತೆ ಕಪ್ಪು ಅಂಕಿಗಳು ನೆಲಕ್ಕೆ ಉದುರಿದವು. ಮ್ಯಾನೇಜರು ಬಗ್ಗಿ ಒಂದನ್ನು ಎತ್ತಿಕೊಂಡರು. ಅದು ಎರಡು. ಇನ್ನೊಂದು ಎತ್ತಿಕೊಂಡರು. ಅದು ಮೂರು. ಅವರ ಕಣ್ಣು ತುಂಬಿ ಬಂತು.

“ಇದು ನಮ್ಮ ನಂಬರ್,” ಎಂದರು. ರಂಗೂನಿನ ತಮಿಳರ ಅಂಗಡಿಗಳಲ್ಲಿ ಕಲಿತ ಅರೆಬರೆ ತಮಿಳು ಅವರಿಗೆ ಬರುತ್ತಿತ್ತು. “ಯಾರ್ ಪೋಟ್ಟದು?” ಹಾಕಿದ್ದು ಯಾರೆಂದು ಕೇಳಿದರು.

ಬರ್ಮಾದವರ ಬರಹವೂ ನಮ್ಮದರಂತೆ ದುಂಡು. ಒಂದು, ಎರಡು, ಮೂರು ಹೆಚ್ಚುಕಡಿಮೆ ಒಂದೇ. ಮಿಕ್ಕವನ್ನು ಗಾಡಿಯಲ್ಲಿ ಕೂತು ಬರೆದಂತಿದೆ ಎಂದು ಮ್ಯಾನೇಜರು ನಕ್ಕರು, ಆದರೂ ಓದಿಕೊಂಡರು. ಊರು ಬಿಟ್ಟು ವಾರಗಳಾಗಿದ್ದ ಹುಡುಗರು ಅಂಕಿಗಳ ಸುತ್ತ ಮುಗಿಬಿದ್ದರು. ಒಬ್ಬ ಹುಡುಗ ಮೂರನ್ನು ಎದೆಗೆ ಒತ್ತಿಕೊಂಡು ನಿಂತ. ಇವನ್ನೇ ತೊಟ್ಟು ಆಡುತ್ತೇವೆ, ಇಲ್ಲದಿದ್ದರೆ ಇಳಿಯುವುದಿಲ್ಲ ಎಂದು ಎಲ್ಲರೂ ಪಟ್ಟು ಹಿಡಿದರು. ರೆಫ್ರಿಯೂ ಒಪ್ಪಿ ತಲೆಯಾಡಿಸಿದ.

ಡೇರೆಯ ಬಾಗಿಲಲ್ಲೇ ನಿಂತಿದ್ದ ಅಶ್ವತ್ಥಪ್ಪನವರು ಎದೆ ಉಬ್ಬಿಸಿದರು. “ನಮ್ಮ ಸಮಿತಿಯೇ ಯೋಚನೆ ಮಾಡಿ ಮಾಡ್ಸಿದ್ದು,” ಎಂದು ಶಾಮಿಯಾನದ ದೊಡ್ಡವರಿಗೆ ತಿಳಿಸಲು ಓಡಿದರು.

ಕೋದಂಡಪ್ಪನ ಕೂಲಿಮಠದ ಅಂಕಿಗೆ ಇಷ್ಟು ಮರ್ಯಾದೆ ಯಾರೂ ಕೊಟ್ಟಿರಲಿಲ್ಲ. ಹೊರಗೆ ಜನ ಶಿಳ್ಳೆ ಹೊಡೆಯುತ್ತಿದ್ದರೂ, ಬೆರಳಿಗೆ ಸೂಜಿ ಚುಚ್ಚಿದರೂ ಬಿಡದೆ ಹನ್ನೊಂದನ್ನೂ ಮತ್ತೆ ಕಿತ್ತು, ಮತ್ತೆ ಹೊಲಿದ. ಹುಡುಗರು ಅವನ ಕೈ ಕುಲುಕಿ ಮೈದಾನಕ್ಕೆ ಓಡಿದರು. ರೆಫ್ರಿ ಶಿಳ್ಳೆ ಊದಿದ. ಅವನು ಶಾಮಿಯಾನದ ಕಡೆ ಓಡಿದ.

ಮುಂದಿನ ಸಾಲಿನ ನಡುವೆ, ಹಾರ ಹಾಕಿಸಿಕೊಂಡು ಮುನಿಸ್ವಾಮಪ್ಪ ಕೂತಿದ್ದ.

ಅಶ್ವತ್ಥಪ್ಪನವರು ಅಡ್ಡ ಬಂದು ಕೋದಂಡಪ್ಪನನ್ನು ಕಂಬದ ಮರೆಗೆ ಎಳೆದರು. “ನೋಡಪ್ಪ, ದೊಡ್ಡ ಸಾಹೇಬರು ಯಾರು ಬರೆದಿದ್ದು ಅಂತ ಕೇಳಿದ್ರು. ಬರ್ಮಾ ಭಾಷೆ ಬಲ್ಲ ಪಂಡಿತರನ್ನ ಕರೆಸಿದ್ವಿ ಅಂದ್ಬಿಟ್ಟೆ. ಪಂಡಿತರು ಎಲ್ಲಿ ಅಂದ್ರು. ನಿನ್ನ ಮೈ ನೋಡ್ಕೋ, ಬರೀ ದಾರ, ಬರೀ ಚೂರು. ಅವನಿಗಾದ್ರೆ ಕೋಟು ಇತ್ತು.”

“ಆ ಕೋಟು ನಾನು ಹೊಲಿದಿದ್ದು ಸ್ವಾಮಿ.”

“ಚೆನ್ನಾಗೇ ಹೊಲಿದಿದೀಯ. ಅದಕ್ಕೇ ಎಲ್ಲರೂ ನಂಬಿದ್ರು. ಈಗ ಬಾಯ್ಬಿಟ್ಟು ನನ್ನ ಮಾನ ಕಳೀಬೇಡ.”

ಕೋದಂಡಪ್ಪ ಕುರ್ಚಿಯ ಕಡೆ ನೋಡಿದ. ಮುನಿಸ್ವಾಮಪ್ಪ ಕಣ್ಣು ತಪ್ಪಿಸಿ, ಪಕ್ಕದ ಸಾಹೇಬರ ಮಾತಿಗೆಲ್ಲ ಗಂಭೀರವಾಗಿ ತಲೆದೂಗುತ್ತಿದ್ದ. ಬೇಲಿಯ ಹತ್ತಿರ ಟಿಕೀಟಿನ ಜನ ಕಿಕ್ಕಿರಿದು ಸೂಜಿಗೂ ಜಾಗವಿರಲಿಲ್ಲ. ಆಟ ಮಾತ್ರ ಬಿಡುವುದಿಲ್ಲವೆಂದು ಕೋದಂಡಪ್ಪ ಮಿಷನ್ನು ಹೊತ್ತು, ಕೊಡೆಗಳನ್ನು ಎತ್ತಿಕೊಂಡು, ಜಾರುತ್ತಾ ತೆವಳುತ್ತಾ ಸೈನೈಡ್ ಗುಡ್ಡ ಏರಿದ.

ಮೇಲೆ ಮಾಮೂಲಿನ ಮಂದಿ ಇದ್ದರು. ನಂದಿದುರ್ಗದ ಗಣಿಯ ಕೂಲಿಯವನೊಬ್ಬ ಸರಿದು ಜಾಗ ಕೊಟ್ಟ. ಕೆಳಗೆ ಬಿಳಿ ಇರುವೆಗಳು ಓಡಾಡುತ್ತಿದ್ದವು.

“ಅಣ್ಣೋ, ಆ ಬಿಳೀ ಬನೀನೋರ ಬೆನ್ನ ಮೇಲೆ ಏನೋ ಕಪ್ಪಗೈತಲ್ಲ, ಏನದು?” ಎಂದ ಕೂಲಿಯವನು.

“ನಂಬರು.”

“ಕಾಣ್ತದಾ ನಿಂಗೆ?”

“ಕಾಣಲ್ಲ. ಗೊತ್ತು.”

ಕೆಳಗೆ ಜನ ಹೋ ಎಂದರು. ಗೋಲಾಯಿತೆಂದು ಇವರೂ ಹೋ ಎಂದರು. ಅಷ್ಟರಲ್ಲಿ ದಪ್ಪ ದಪ್ಪ ಹನಿ ಬಿತ್ತು, ಹಿಂದೆಯೇ ಮಳೆ ಸುರಿಯಿತು. ಶಾಮಿಯಾನದವರು ಬೆಚ್ಚಗೆ ಕೂತಿದ್ದರು.

“ಎರಡೆರಡು ಕೊಡೆ ಇಟ್ಕಂಡು ಯಾಕಣ್ಣ ನೆನೀತೀಯ? ಬಿಚ್ಚು, ನಾನೂ ಸೇರ್ಕೋತೀನಿ,” ಎಂದು ಕೂಲಿಯವನು ಒತ್ತರಿಸಿ ಬಂದ.

ಕೋದಂಡಪ್ಪ ಒಂದನ್ನು ಬಿಚ್ಚಿ ತಲೆಯ ಮೇಲೆ ಹಿಡಿದ. ಕಡ್ಡಿಗಳ ನಡುವಿನಿಂದ ನೀರು ಇಬ್ಬರ ಮೇಲೂ ಸಮವಾಗಿ ಸುರಿಯಿತು. ಕೂಲಿಯವನು ತಲೆಯೆತ್ತಿ ಕೊಡೆ ನೋಡಿದ, ಕೋದಂಡಪ್ಪನ ಮುಖ ನೋಡಿದ.

“ಬಟ್ಟೆ ಎಲ್ಲಣ್ಣ?”

ಕೋದಂಡಪ್ಪ ಮೈದಾನದ ಕಡೆ ಕೈ ತೋರಿಸಿದ.

“ಅಗೋ, ಓಡಾಡ್ತಾ ಐತೆ.”