ಒಳಗೆ ಕುಂತಿರೋನು ಏನಾದ?

ನನ್ನ ಸೋದರತ್ತೆಯ ಜೊತೆ ಕೂತು ಯುದ್ಧ ನೋಡುವ ಸಾಹಸಕ್ಕೆ ಯಾರೂ ಕೈ ಹಾಕಬೇಡಿ. ಅವಳು ಯಾರನ್ನೂ ಗೆಲ್ಲಲು ಬಿಡುವುದಿಲ್ಲ! ಟಿ. ದಾಸರಹಳ್ಳಿಯಲ್ಲಿ ಅವಳ ಬಾಯಿಗೆ ಹೆದರದವರಿಲ್ಲ. ನೀರಿನ ಟ್ಯಾಂಕರಿನವನು ಅವಳ ಮನೆ ಮುಂದೆ ಹಾರ್ನ್ ಹೊಡೆಯುವುದಿಲ್ಲ. ಇಳಿದು ಬಂದು ಮೆಲ್ಲಗೆ ಬಾಗಿಲು ತಟ್ಟುತ್ತಾನೆ. ಅಂಥವಳು ಜಪಾನಿನ ಕಾರ್ಟೂನ್ ನೋಡಿ, ಅದೂ ಶತ್ರುಪಕ್ಷದವನಿಗಾಗಿ ಮೂಗು ಒರೆಸಿಕೊಳ್ಳುತ್ತಾಳೆ ಎಂದರೆ ನಂಬುತ್ತೀರಾ?

ಆಗಿನ್ನೂ ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದವು. ರಾಗಿ ಬೆಳೆಯುತ್ತಿದ್ದ ಹೊಲವೆಲ್ಲ ಪೀಣ್ಯದ ಶೆಡ್ಡುಗಳಾದ ಮೇಲೆ ಅತ್ತೆ ಉಳಿದ ಜಾಗದಲ್ಲಿ ಸಾಲಾಗಿ ರೂಮು ಕಟ್ಟಿಸಿ ಫ್ಯಾಕ್ಟರಿ ಕೆಲಸಗಾರರಿಗೆ ಬಾಡಿಗೆಗೆ ಕೊಟ್ಟಿದ್ದಳು. ಮಾವ ತೀರಿಹೋಗಿದ್ದರು. ಮನೆಯಲ್ಲಿ ಅತ್ತೆ, ಅವಳ ಒಬ್ಬನೇ ಮಗ ಮಂಜ, ಮಾಡಿಯ ರೂಮಿನಲ್ಲಿ ನಾನು. ಸಿಂಗಸಂದ್ರದ ಗೆಳೆಯನೊಬ್ಬ ನನಗೊಂದು ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಸರಣಿಯ ಡಿವಿಡಿಗಳನ್ನು ಕೊಟ್ಟಿದ್ದ. ಮನೆಯೆತ್ತರದ ಉಕ್ಕಿನ ಯಂತ್ರಗಳು, ಅವುಗಳ ಎದೆಯೊಳಗೆ ಕೂತು ಓಡಿಸುವ ಹುಡುಗರು, ಮುಗಿಯದ ಯುದ್ಧ. ನಮ್ಮ ಹುಡುಗನದು ಬಿಳಿ ಯಂತ್ರ, ಶತ್ರುವಿನದು ಕಪ್ಪು. ಒಂದು ಭಾನುವಾರ ಹಾಲ್‌ನ ಟೀವಿಗೆ ಹಾಕಿಕೊಂಡು ನೋಡುತ್ತಿದ್ದಾಗ ಅತ್ತೆ ಬೈಯಲೆಂದೇ ಬಂದಳು.

"ಏನ್ಲಾ ಇದು, ಎಣ್ಣೆ ಡಬ್ಬ ಎಣ್ಣೆ ಡಬ್ಬ ಒಡ್ದಾಡ್ತಾವೆ?"

ಅಷ್ಟರಲ್ಲಿ ನಮ್ಮ ಬಿಳಿ ಯಂತ್ರ ಶತ್ರುವಿನ ಯಂತ್ರವೊಂದನ್ನು ಸೀಳಿ ಎರಡು ಹೋಳು ಮಾಡಿತು. ನಾನು ಚಪ್ಪಾಳೆ ತಟ್ಟಿದೆ. ಅತ್ತೆ ನನ್ನ ತಲೆಗೊಂದು ತಟ್ಟಿದಳು.

"ಒಳಗ್ ಕುಂತಿರೋನು ಏನಾದ?"

"ಸತ್ತ ಅತ್ತೆ. ಅವನು ಶತ್ರು."

"ಯಾರ್ಗ್ಲಾ ಶತ್ರು? ಅವ್ನ ಅವ್ವುಂಗಾ?"

ಈ ಪ್ರಶ್ನೆಗೆ ಉತ್ತರ ಸರಣಿಯಲ್ಲೇ ಇತ್ತು! ಮುಂದಿನ ಕಂತಿನಲ್ಲಿ ಸತ್ತವನ ತಾಯಿ ಬರುತ್ತಾಳೆ, ಎರಡು ತಟ್ಟೆ ಹಾಕಿ ಒಂದನ್ನು ಎತ್ತಿಡುತ್ತಾಳೆ. ಅತ್ತೆ ಬಿಡಿಸುತ್ತಿದ್ದ ಅವರೆಕಾಯಿ ಅಲ್ಲಿಗೇ ನಿಂತಿತು. ಅವಳು ಸಂಜೆ ನೋಡುತ್ತಿದ್ದ ಧಾರಾವಾಹಿಗಳಲ್ಲಿ ಕೆಟ್ಟವಳು ಬರುವ ಮೊದಲೇ ಡೋಲು ಬಾರಿಸಿ ತಿಳಿಸುತ್ತಾರೆ. ಇಲ್ಲಿ ಅಂಥ ಉಪಕಾರ ಮಾಡುವವರೇ ಇಲ್ಲ. ಒಳ್ಳೆಯ ಹುಡುಗ ತಪ್ಪು ಅಪ್ಪಣೆ ನಂಬಿ ಊರು ಸುಡುತ್ತಾನೆ. ಕೆಟ್ಟವನೆಂದುಕೊಂಡವನು ಬೇರೆಯವರ ಮಗುವನ್ನು ಹೊತ್ತು ಓಡುತ್ತಾನೆ. ಯಾರ ಪರ ನಿಲ್ಲುವುದು? ಅತ್ತೆ ಇಬ್ಬರ ಪರವೂ ನಿಂತಳು, ಇಬ್ಬರನ್ನೂ ಬೈದಳು.

ಮಾತು ಜಪಾನಿ, ಕೆಳಗೆ ಬರುವ ಅಕ್ಷರ ಇಂಗ್ಲಿಷ್. ಹೀಗಾಗಿ ಕನ್ನಡದ ಜವಾಬ್ದಾರಿ ನನ್ನ ಹೆಗಲಿಗೆ ಬಿತ್ತು. ಒಮ್ಮೆ ಸುಸ್ತಾಗಿ ಕಪ್ಪು ಯಂತ್ರದವನ ಉದ್ದನೆಯ ಭಾಷಣವನ್ನು "ಯುದ್ಧ ಬೇಡ ಅಂತಾನೆ" ಎಂದು ಮುಗಿಸಿಬಿಟ್ಟೆ. "ಲೋ, ಅವ್ನು ಅಷ್ಟೊತ್ತು ಬಾಯ್ ಬಡ್ಕೊಂಡ. ಮಿಕ್ಕಿದ್ದೆಲ್ಲ ನೀನೇ ನುಂಗ್ಬುಟ್ಯಾ?" ಎಂದು ಹಿಂದಕ್ಕೆ ಹಾಕಿಸಿ ಪೂರ್ತಿ ಹೇಳಿಸಿಕೊಂಡಳು. ಆಫೀಸಿನಲ್ಲೂ ನನ್ನಿಂದ ಯಾರೂ ಇಷ್ಟು ಕೆಲಸ ತೆಗೆದಿರಲಿಲ್ಲ.

ಇದು ಟೀವಿಯ ಮುಂದೆಯೇ ಮುಗಿದಿದ್ದರೆ ಚೆನ್ನಾಗಿತ್ತು. ಒಂದು ಮಧ್ಯಾಹ್ನ ಮೆಟ್ರೋ ಕೆಲಸದ ದೊಡ್ಡ ಕ್ರೇನಿನ ಕೆಳಗೆ ಅತ್ತೆ ಮಜ್ಜಿಗೆ ಚೊಂಬು ಹಿಡಿದು ನಿಂತುಬಿಟ್ಟಳು. "ಒಳಗ್ ಕುಂತಿರೋನೇ! ಉಂಡ್ಯೇನಪ್ಪಾ?" ಮೇಲಿದ್ದವನು ಬಿಹಾರದ ಹುಡುಗ. ಕೆಳಗೆ ಏನೋ ಅನಾಹುತವಾಗಿದೆ ಎಂದು ಕ್ರೇನ್ ನಿಲ್ಲಿಸಿದ. ಎಂಜಿನಿಯರ್ ಓಡಿ ಬಂದರು, ಟ್ರಾಫಿಕ್ ಪೊಲೀಸರು ಬಂದರು. ಎಲ್ಲರೂ ಸೇರಿ ಕೊನೆಗೆ ಮಜ್ಜಿಗೆ ಕುಡಿದರು. ಕ್ರೇನಿನವನಿಗೆ ಎರಡು ಲೋಟ!

ಅವಳ ಹುಚ್ಚು ನೋಡಿ ನಾನು ಎರಡು ಪ್ಲಾಸ್ಟಿಕ್ ಬೊಂಬೆ ತಂದುಕೊಟ್ಟೆ, ಒಂದು ಬಿಳಿ, ಒಂದು ಕಪ್ಪು. ಅತ್ತೆ ಅವನ್ನು ಷೋಕೇಸಿನಲ್ಲಿ ಅಕ್ಕಪಕ್ಕ ಇಟ್ಟಳು. ಆಯುಧ ಪೂಜೆಗೆ ಮಂಜನ ಬೈಕಿನ ಜೊತೆ ಅವಕ್ಕೂ ವಿಭೂತಿ, ಕುಂಕುಮ, ಒಂದೊಂದು ನಿಂಬೆಹಣ್ಣು. ಬೀದಿಯವರು ನಕ್ಕರು. "ನಗ್ರಿ ನಗ್ರಿ, ಅವೂ ಮಿಷಿನ್ನೇಯ" ಎಂದಳು.

ಮರುವರ್ಷ ನಗುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಮಂಜ ಸೂಪರ್‌ವೈಸರ್ ಆಗಿದ್ದ ಫ್ಯಾಕ್ಟರಿಯಲ್ಲಿ ಜಗಳ ಹತ್ತಿ, ಆಡಳಿತದವರು ಕೆಲಸಗಾರರನ್ನು ಹೊರಗಿಟ್ಟು ಗೇಟಿಗೆ ಬೀಗ ಹಾಕಿದರು. ಅದೇ ಫ್ಯಾಕ್ಟರಿಯ ಕೆಲಸಗಾರರು ಅತ್ತೆಯ ರೂಮುಗಳಲ್ಲಿದ್ದರು. ಅವರಲ್ಲಿ ಹಿರಿಯ, ಬಾಗಲಕೋಟೆ ಕಡೆಯ ಈರಣ್ಣ. ಬೆಳಿಗ್ಗೆ ಒಂದೇ ನಲ್ಲಿಯಲ್ಲಿ ಮುಖ ತೊಳೆದು, ಮಂಜ ಕಂಪನಿ ವ್ಯಾನಿನಲ್ಲಿ ಗೇಟಿನ ಒಳಗೆ ಹೋಗುತ್ತಿದ್ದ, ಅವರು ಹೊರಗೆ ಕೂರುತ್ತಿದ್ದರು. ಆಯುಧ ಪೂಜೆಯ ಹಿಂದಿನ ದಿನ ಯಾರೋ ವ್ಯಾನಿಗೆ ಕಲ್ಲು ಹೊಡೆದರು. ಮಂಜ ಹಣೆಗೆ ಹೊಲಿಗೆ ಹಾಕಿಸಿಕೊಂಡು ಬಂದ.

"ಅಮ್ಮ, ಅವ್ರನ್ನ ರೂಮ್ ಖಾಲಿ ಮಾಡ್ಸು. ಇಲ್ಲಾಂದ್ರೆ ನಾನೇ ಮನೆ ಬಿಟ್ಟು ಹೋಗ್ತೀನಿ."

ಅತ್ತೆ ಬೈಯದೆ ಎದ್ದು ಹೋಗಿ ಷೋಕೇಸಿನ ಬೊಂಬೆಗಳನ್ನು ಹೊರಗೆ ತೆಗೆದಳು. ಅದನ್ನು ಕಂಡು ನನಗೆ ನಿಜಕ್ಕೂ ಭಯವಾಯಿತು.

ಬೆಳಿಗ್ಗೆ ಅಂಗಳದಲ್ಲಿ ಮಂಜನ ಬೈಕು, ಈರಣ್ಣನ ಸೈಕಲ್ಲು, ನಡುವೆ ಎರಡು ಬೊಂಬೆ. ಮಂಜನ ಮಾತು ಕಿವಿಗೆ ಬಿದ್ದಿದ್ದ ರೂಮಿನವರು ಗಂಟುಮೂಟೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. ಅತ್ತೆ ಈರಣ್ಣನನ್ನು ಕೇಳಿದಳು: "ವ್ಯಾನಿಗೆ ಕಲ್ಲು ಬಿತ್ತಲ್ಲ, ಒಳಗ್ ಕುಂತಿರೋನು ಯಾರು ಅಂತ ನೋಡಿದ್ರಾ?"

"ಕಲ್ಲು ನಾ ಒಗದಿಲ್ರೀ ಅವ್ವಾರ," ಎಂದ ಈರಣ್ಣ. ಆಮೇಲೆ ತಲೆ ತಗ್ಗಿಸಿ, "ಆದ್ರ ಒಗ್ಯಾವ್ನ ಕೈ ಹಿಡೀಲೂ ಇಲ್ರೀ."

ಅತ್ತೆ ಮಗನ ಕಡೆ ತಿರುಗಿದಳು. "ನೀನು? ದಿನಾ ಗಾಜಿನ್ ಒಳಗಿಂದ ನೋಡ್ದಲ್ಲ, ಗೇಟಲ್ಲಿ ಕುಂತಿರೋರು ಉಂಡವ್ರಾ ಅಂತ ಒಂದಿನ ಕೇಳಿದ್ಯಾ?"

"ನಂಗೆ ಮೇಲಿಂದ ಆರ್ಡರ್ ಅಮ್ಮ."

"ಆ ಕರೀ ಮಿಷಿನ್ನೋನೂ ಅದೇ ಅಂದ. ಬಿಳೀದ್ರೋನೂ ಅದೇ ಅಂದ."

ಆಮೇಲೆ ಕುಂಕುಮ ತುಂಬಿದ ಬೂದುಗುಂಬಳಕಾಯಿಯನ್ನು ಇಬ್ಬರ ಕೈಗೂ ಸೇರಿಸಿ ಕೊಟ್ಟಳು. ನಿವಾಳಿಸಿದ್ದೇನೋ ಆಯಿತು, ಒಡೆಯುವಾಗ ಮಾತ್ರ ಇವನು ಬಿಡಲೆಂದು ಅವನು, ಅವನು ಬಿಡಲೆಂದು ಇವನು ಕಾಯುತ್ತ ನಿಂತರು. "ಒಟ್ಗೆ ಬಿಡ್ರುಲಾ!" ಅತ್ತೆಯ ಕೂಗು ನಾಗಸಂದ್ರದವರೆಗೆ ಕೇಳಿಸಿರಬೇಕು. ಕಾಯಿ ಬಿದ್ದು ಇಬ್ಬರ ಕಾಲೂ ಕೆಂಪಾಯಿತು. ಈರಣ್ಣನಿಗೆ ಮೊದಲು ನಗು ಬಂತು. ಮಂಜ ತಡೆಯಲು ನೋಡಿ ಹೊಲಿಗೆ ಎಳೆದು "ಅಯ್ಯೋ" ಎಂದ.

ಫ್ಯಾಕ್ಟರಿಯ ಬೀಗ ತೆಗೆಯಲು ಮತ್ತೂ ಬಹಳ ದಿನ ಹಿಡಿಯಿತು. ಆದರೆ ಆ ಮನೆಯಿಂದ ಯಾರೂ ಗಂಟು ಹೊತ್ತು ಹೊರಡಲಿಲ್ಲ. ಇವಳು ನಮ್ಮತ್ತೆ ಎಂದು ಹೇಳಿಕೊಳ್ಳಲು ನನಗೆ ಇವತ್ತಿಗೂ ಎದೆಯುಬ್ಬುತ್ತದೆ.

ಆ ಹಬ್ಬದ ದಿನ ಎಲ್ಲರ ಊಟ ಮುಗಿದ ಮೇಲೆ ನೋಡಿದರೆ ಅತ್ತೆ ಆರಿದ ಟೀವಿಯ ಮುಂದೆ ಒಬ್ಬಳೇ ಕೂತಿದ್ದಳು. ಮಡಿಲಲ್ಲಿ ಬೊಂಬೆಗಳು. ಸೆರಗಿನಿಂದ ಅವುಗಳ ಕುಂಕುಮ ಒರೆಸುತ್ತಿದ್ದಳು.

"ಮಗ ಒಂಟೋಗ್ಬುಟ್ಟಿದ್ರೆ ಏನ್ಲಾ ಮಾಡ್ತಿದ್ದೆ ನಾನು?"

ಇಡೀ ದಾಸರಹಳ್ಳಿಯನ್ನು ನಡುಗಿಸುವ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ. ಪಕ್ಕದಲ್ಲಿ ಕೂತೆ.

"ಅತ್ತೆ, ಒಳಗೆ ಕೂತಿರೋಳು ಊಟ ಮಾಡಿದ್ಲಾ?"

"ಇಲ್ಲ ಕಣ್ಲಾ" ಎಂದವಳೇ ಮಗುವಿನ ಹಾಗೆ ಅತ್ತುಬಿಟ್ಟಳು.

ಬಾಗಿಲಲ್ಲಿ ಹಣೆಗೆ ಪಟ್ಟಿ ಕಟ್ಟಿಕೊಂಡು ನಿಂತಿದ್ದ ಮಂಜ ಅಡುಗೆಮನೆಗೆ ಹೋದ. ತಟ್ಟೆಯಲ್ಲಿ ಅನ್ನ ಕಲಸಿಕೊಂಡು ಬಂದು, ಅಮ್ಮನ ಮುಂದೆ ಕೂತು ಮೊದಲ ತುತ್ತು ಎತ್ತಿದ.