ಲಿಫ್ಟಿನ ಠರಾವು

ಪುಣೆಯ ಹೌಸಿಂಗ್ ಸೊಸೈಟಿಯಲ್ಲಿ ಇರುವವರು ವಿಧಾನಸಭೆ ನೋಡಲು ಮುಂಬೈಗೆ ಹೋಗಬೇಕಿಲ್ಲ. ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದರೆ ಸಾಕು, ಅದೇ ಬಂದು ಕೂರುತ್ತದೆ.

ನಮ್ಮ ಕಟ್ಟಡದಲ್ಲಿ ಮನೆಗೆಲಸದವರು ಲಿಫ್ಟ್ ಹತ್ತಬಾರದು ಅಂತ ಬೋರ್ಡು ಇತ್ತು. ನಮ್ಮ ಮನೆಗೆ ಬರುವ ಹೆಣ್ಣುಮಗಳು ಯಾದಗಿರಿ ಕಡೆಯಾಕೆ. ಐದನೇ ಮಹಡಿಗೆ ಮೊಣಕಾಲು ಹಿಡಿದುಕೊಂಡು ಹತ್ತುತ್ತಿದ್ದಳು. ಒಂದು ದಿನ ಮೆಟ್ಟಿಲ ಮೇಲೇ ಕುಸಿದು ಕೂತಳು. ಬೋರ್ಡು ತೆಗೆಯಬೇಕು ಅಂತ ನಾನು ಅವತ್ತೇ ಠರಾವು ಕೊಟ್ಟೆ.

೧. ಗಂಟಲಿನ ಬಹುಮತ

ಚೇರ್ಮನ್ನರು ನಮ್ಮ ಬೆಳಗಾವಿ ಕಡೆಯವರೇ, ಬಟ್ಟೆ ವ್ಯಾಪಾರಿ. "ಧ್ವನಿ ಮತ ತಗೊಳ್ಳೂಣ್ರಿ" ಅಂದರು. ನಾವು ಬಹಳ ಜನ ಸಭ್ಯವಾಗಿ "ಹೌದು" ಅಂದೆವು. ಆಮೇಲೆ ಖಜಾಂಚಿ, ನಿವೃತ್ತ ಡ್ರಿಲ್ ಮಾಸ್ತರರು, "ಇಲ್ಲಾ!" ಅಂತ ಕೂಗಿದ ಹೊಡೆತಕ್ಕೆ ಗ್ರಿಲ್ ಮೇಲಿನ ಪಾರಿವಾಳಗಳೆಲ್ಲ ಹಾರಿದವು.

"ಇಲ್ಲ ಅನ್ನೋರು ಗೆದ್ರು" ಅಂದರು ಚೇರ್ಮನ್ನರು.

"ಕೈ ಎಣಸ್ರಿ" ಅಂದೆ.

"ಧ್ವನಿ ಮತಕ್ಕ ಕೈ ಯಾಕ್ರಿ? ಕಿವಿ ಸಾಕು."

"ಗಂಟಲ ಮ್ಯಾಲ ಗೆಲ್ಲೂದಿದ್ರ ನಮ್ಮ ಓಣ್ಯಾಗ ಕಾಯಿಪಲ್ಯೆ ಮಾರೋರು ಇಷ್ಟೊತ್ತಿಗೆ ಮುಖ್ಯಮಂತ್ರಿ ಆಗ್ತಿದ್ರು!"

೨. ಬಾರದವರ ಮತ

ಮುಂದಿನ ಸಭೆಯಲ್ಲಿ ಹಟ ಹಿಡಿದು ಕೈ ಎತ್ತಿಸಿದೆ. ನಮ್ಮವೇ ಹೆಚ್ಚು ಕೈ. ಚೇರ್ಮನ್ನರು ನಕ್ಕರು: "ಬಂದವರೊಳಗ ಅಲ್ಲರಿ, ಎಲ್ಲಾ ಸದಸ್ಯರೊಳಗ ಮೂರರಾಗ ಎರಡು ಪಾಲು ಬೇಕು. ಬಾರದವರು ವಿರೋಧ ಇದ್ದಂಗ."

"ಎರಡನೇ ಮಹಡಿ ಅಜ್ಜಾರು ಹೋಗಿ ವರ್ಷ ಆತು. ಅವರೂ ವಿರೋಧನಾ?"

"ಅವರ ಹೆಸರು ಇನ್ನೂ ತಗದಿಲ್ಲರಿ."

"ಪಾಪ, ಬದುಕಿದ್ದಾಗ ಹೆಂಡ್ತಿ ಮುಂದನೂ ಇಲ್ಲ ಅಂದವರಲ್ಲ. ಸತ್ತ ಮ್ಯಾಲ ಧೈರ್ಯ ಬಂತೇನು!"

ಮರುದಿನ ಇದನ್ನು ಕೇಳಿ ಮನೆಗೆಲಸದಾಕೆ, "ಬಿಡ್ರಿ ಅಕ್ಕಾರ, ನನ್ನ ಸಲುವಾಗಿ ಯಾಕ ಜಗಳ?" ಅಂದಳು.

"ನಿನ್ನ ಸಲುವಾಗಿ ಶುರು ಆಗಿತ್ತು. ಈಗ ನನ್ನ ಸಲುವಾಗಿನೂ ಅದ" ಅಂದೆ.

೩. ಎದ್ದು ಹೋದವರು

ಸಹಕಾರ ಇಲಾಖೆಯ ಕಚೇರಿಗೆ ಹೋಗಿ ಕೇಳಿದೆ. ಇಂಥ ವಿಷಯಕ್ಕೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಪ್ಪಿದರೆ ಸಾಕಂತೆ. ಮೂರನೇ ಸಭೆಯಲ್ಲಿ ಹಾಗಂತ ಎದ್ದು ಹೇಳಿದೆ. ಚೇರ್ಮನ್ನರು ಖಜಾಂಚಿಯನ್ನೂ ತಮ್ಮ ಕಡೆಯವರನ್ನೂ ಕರಕೊಂಡು ಎದ್ದೇಬಿಟ್ಟರು. "ಕೋರಂ ಮುರೀತು. ಜನಾನೇ ಸಾಲದಿದ್ರ ಸಭೆ ಎಲ್ಲಿದು? ನಡೀರಿ, ಚಹಾ ಕುಡಿಯೂಣು."

ಕಾರ್ಯದರ್ಶಿ ತಲೆ ಎಣಿಸಿದರು. "ಭಾಳ ಅಲ್ಲ, ಒಬ್ಬರು ಕಡಿಮಿ ಅದಾರ್ರಿ."

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು. ಚೇರ್ಮನ್ನರ ಹೆಂಡತಿ!

"ನನ್ನ ಎಣಸ್ರಿ. ಮನಿ ಇಬ್ಬರ ಹೆಸರಿಲೆ ಅದ. ಮೊದಲನೇ ಹೆಸರಿನವರು ಸಭೆಯೊಳಗ ಇಲ್ಲಂದ್ರ ಎರಡನೇ ಹೆಸರಿನವರಿಗೆ ಹಕ್ಕು ಅದ, ಅಲ್ಲೇನ್ರಿ?"

"ಹೌದ್ರಿ ವೈನಿ, ಅದ" ಅಂದರು ಕಾರ್ಯದರ್ಶಿ, ಗಾಬರಿಯಿಂದ.

ಕೋರಂ ತುಂಬಿತು. ಎಲ್ಲ ಕೈ ಒಟ್ಟಿಗೆ ಎದ್ದವು. ಠರಾವು ಪಾಸಾಯಿತು. ಚಪ್ಪಾಳೆ ಕೇಳಿ ಚೇರ್ಮನ್ನರು ಚಹಾದ ಕಪ್ಪು ಹಿಡಕೊಂಡೇ ಓಡಿಬಂದರು. "ಏನಾತು? ಇದನ್ನ ಯಾರು ಮಾಡಿದ್ರು?"

ಹೆಂಡತಿ ಸೆರಗು ಸರಿಮಾಡಿಕೊಂಡು ಎದ್ದರು.

"ನೀವ ಮಾಡಿದ್ರಿ. ಮನ್ಯಾಗೂ ಆಗಾಗ ಹಿಂಗ ಎದ್ದು ಹೋಗ್ರಿ, ಎಷ್ಟೋ ಕೆಲಸ ಬಾಕಿ ಅದಾವ!"