ಶ್ರಾವಣದಲ್ಲಿ ಕಲಿತ ಯಂತ್ರ

ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ಹೆಂಡ ಅಂತಾರೆ ಎಂಬುದು ಹಳೆಯ ಮಾತು. ಆ ಪುಣ್ಯಾತ್ಮನಿಗೆ ಮಜ್ಜಿಗೆಯಾದರೂ ಸಿಕ್ಕಿತ್ತು! ನಾನು ಮರದ ನೆರಳಿಗೂ ಹೋದವನಲ್ಲ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಬಾಯಲ್ಲಿ ಹೆಚ್ಚೆಂದರೆ ಒಂದು ಅಡಿಕೆ ಚೂರು. ಅಂಥ ನನ್ನನ್ನು ಒಂದು ಯಂತ್ರ ಕುಡುಕ ಅಂದುಬಿಟ್ಟಿತು.

ಬಸವಕಲ್ಯಾಣದಿಂದ ಹುಮನಾಬಾದಿನ ಕಾಲೇಜೊಂದಕ್ಕೆ ಹುಡುಗರನ್ನು ಕರೆದೊಯ್ಯುವ ಬಸ್ಸಿನ ಡ್ರೈವರ್ ನಾನು. ಬಸ್ ನಿಲ್ಲುವ ಗೇಟಿಗೆ ಈ ವರ್ಷ ಕ್ಯಾಮೆರಾ ಕೂಡಿಸಿದರು. ಊದಿಸಿ ನೋಡುವಂಥದ್ದಲ್ಲ, ನಡಿಗೆ, ಮಾತು, ಮೋರೆ ನೋಡಿಯೇ ಕುಡಿದಿದ್ದಾನೋ ಇಲ್ಲವೋ ಹೇಳುತ್ತದಂತೆ: ಕುಡಿದಿದ್ದರೆ ಕೆಂಪು ದೀಪ, ಇಲ್ಲದಿದ್ದರೆ ಹಸಿರು. ಅದಕ್ಕೂ ಮೊದಲು ಅದು ಒಂದು ತಿಂಗಳು ನಮ್ಮನ್ನು ನೋಡಿ, ಕುಡಿಯದಿದ್ದಾಗ ಯಾರು ಹೇಗಿರುತ್ತಾರೆ ಎಂದು ಕಲಿಯಬೇಕು. "ಶ್ರಾವಣದಾಗ ಕಲಸೂಣ್ರಿ. ಆವಾಗ ನಮ್ಮ ಕಡೆ ಯಾರೂ ಮುಟ್ಟಂಗಿಲ್ಲ" ಎಂದರು ಮ್ಯಾನೇಜರ್ ಸಾಹೇಬರು. ಎಂಥಾ ಅಕಲ್, ಎಂಥಾ ಬುದ್ಧಿ ಅಂತ ನಾವೆಲ್ಲ ತಲೆದೂಗಿದೆವು.

ಆದರೆ ಶ್ರಾವಣದಲ್ಲಿ ನಮ್ಮ ಮಂದಿ ನಮ್ಮ ಮಂದಿಯಂತೆ ಇರುವುದೇ ಇಲ್ಲ, ನೋಡಿ! ವಾಚ್‌ಮನ್ ಕಾಶಪ್ಪ ವರ್ಷವಿಡೀ ಸಂಜೆ 'ತೀರ್ಥ' ತಗೊಳ್ಳುವವ. ಅದನ್ನು ಬಿಟ್ಟ ಸಂಕಟಕ್ಕೆ ತಿಂಗಳೆಲ್ಲ ಕೈ ನಡುಗಿಸುತ್ತ, ಕಂಡಕಂಡವರ ಮೇಲೆ ಸಿಡುಕುತ್ತ ಇದ್ದ. ಕಾಶಪ್ಪ ನೆಟ್ಟಗಿರುವುದೆಂದರೆ ಹೀಗೇ ಎಂದು ಯಂತ್ರ ತಿಳಿಯಿತು. ನಾನೋ, ಒಂದೇ ಹೊತ್ತು ಉಂಡು ಮೌನವ್ರತ ಹಿಡಿದಿದ್ದೆ. ನೆಲ ನೋಡುತ್ತ ಬಂದು, ನೆಲ ನೋಡುತ್ತ ಹೋಗುತ್ತಿದ್ದೆ.

ಶ್ರಾವಣ ಮುಗಿಯಿತು. ಹೋಳಿಗೆ ಉಂಡು ಗೇಟಿಗೆ ಬಂದವನೇ, "ಶರಣ್ರೀ! ಏನ್ ಕಾಶಪ್ಪಣ್ಣ, ಎಲ್ಲಾ ಆರಾಮ?" ಎಂದು ಅವನ ಹೆಗಲಿಗೆ ಕೈ ಹಾಕಿ, ತಿಂಗಳ ಮಾತನ್ನೆಲ್ಲ ಒಮ್ಮೆಗೇ ಬಿಚ್ಚಿದೆ. ನನಗೆ ಕೆಂಪು ದೀಪ! ರಾತ್ರಿಯದು ಇನ್ನೂ ಇಳಿಯದೆ ನಡುಗುತ್ತಿದ್ದ ಕಾಶಪ್ಪನಿಗೆ ಹಸಿರು! ಮರುದಿನವೂ ಹಾಗೇ ಆಯಿತು. "ಸಂಗಪ್ಪ, ಇನ್ನೊಮ್ಮೆ ಕೆಂಪು ಬಂತಂದ್ರ ನೌಕರಿ ಹೋಗ್ತದ ನೋಡ್ರಿ" ಎಂದರು ಸಾಹೇಬರು.

ನನ್ನ ಮೈಯೆಲ್ಲ ಉರಿಯಿತು. ಲಿಂಗದಾಣೆ, ಹೆಸರಿಗಂಟಿದ ಕಳಂಕ ತೊಳೆದುಕೊಂಡೇ ಇಲ್ಲಿಂದ ಏಳುವವ ಅಂತ ಸಾಹೇಬರ ಖೋಲಿಯಲ್ಲಿ ಕೂತೇಬಿಟ್ಟೆ.

"ನಾ ಇರೋದ ಹಿಂಗ್ರೀ. ಯಂತ್ರಕ್ಕ ಹೊಸದಾಗಿ ಕಲಸ್ರಿ."

"ನೀವು ಇರೋದು ಹ್ಯಾಂಗ ಅಂತ ನಿಮ್ಮ ಮನಿಯಾವ್ರನ್ನೇ ಕೇಳೂಣು" ಎಂದು ಅವರು ನನ್ನ ಹೆಂಡತಿಗೆ ಫೋನ್ ಹಚ್ಚಿ, ನನಗೂ ಕೇಳುವಂತೆ ಮೇಜಿನ ಮೇಲಿಟ್ಟರು.

"ಅಯ್ಯ ಶಿವನ! ನಮ್ಮವ್ರು ಕುಡ್ಯಂಗಿಲ್ರಿ. ಹುಟ್ಟಾ ಹಿಂಗ ಅದಾರ" ಎಂದಳು ಅವಳು.

ಗೆದ್ದೆ ಅಂತ ನಾನು ಎದೆ ಸೆಟೆಸಿದೆ. "ಆಯ್ತ್ರಿ ಅಕ್ಕಾರ, ಇವತ್ತೇ ಯಂತ್ರದಾಗಿನ ಹಳೇ ಕಲಿಕಿ ಅಳಸ್ತೇವಿ" ಎಂದರು ಸಾಹೇಬರು.

"ಬ್ಯಾಡ್ರಿ, ಬ್ಯಾಡ್ರಿ!" ಅವಳು ಗಾಬರಿಯಾದಳು. "ಅದು ಬರೋಬ್ಬರಿ ಕಲ್ತದ. ನಿಮಗ ಬ್ಯಾಡಾದ್ರ ಹಂಗ ತಂದು ನಮ್ಮ ಮನಿ ಬಾಗಲಿಗೆ ಕೂಡಸ್ರಿ. ಕೆಂಪು ಬಂತಂದ್ರ ನಾ ಇವ್ರನ್ನ ಒಳಗ ಬಿಡಂಗಿಲ್ಲ."

ನೌಕರಿ ಉಳಿಯಿತು. ನಮ್ಮ ಮನೆಯಲ್ಲಿ ಮಾತ್ರ ಶ್ರಾವಣ ಇನ್ನೂ ಮುಗಿದಿಲ್ಲ.